ತೆಂಗಿನ ಸೀಮೆಗೆ ಏರ್‌ಪೋರ್ಟ್ ಬಂದರೆ ಹುಲ್ಲು ಕೊಯ್ಯೋರು ಯಾರು?

ಬೆಂಗಳೂರಿಗೆ ಎರಡನೇ ವಿಮಾನ ನಿಲ್ದಾಣ ಎಲ್ಲಿ ಅನ್ನೋ ಚರ್ಚೆ ಶುರುವಾದಾಗಿಂದ ನಮ್ಮ ಕಡೆ ಟೀ ಅಂಗಡಿಗಳಲ್ಲಿ ಕೊಬ್ಬರಿ ರೇಟಿನ ಮಾತು ಸ್ವಲ್ಪ ಹಿಂದಕ್ಕೆ ಸರಿದಿದೆ. 2025ರಲ್ಲಿ ರಾಜ್ಯ ಸರ್ಕಾರ ಮೂರು ಜಾಗಗಳನ್ನ ಆರಿಸಿ ಮುಂದಿಟ್ಟಿತು. ಎರಡು ಕನಕಪುರ ರಸ್ತೆ ಕಡೆ, ಇನ್ನೊಂದು ನೆಲಮಂಗಲ–ಕುಣಿಗಲ್ ರಸ್ತೆಯಲ್ಲಿ. ಕುಣಿಗಲ್ ಅಂದ್ರೆ ನಮ್ಮ ಜಿಲ್ಲೆನೇ ತಾನೇ? ಅತ್ತ ಶಿರಾದವರು ನಮ್ಮ ಕಡೆ ಬರಲಿ ಅಂದರು. ಇತ್ತ ತುರುವೇಕೆರೆ, ದಂಡಿನಶಿವರ, ಅಮ್ಮಸಂದ್ರದ ಕಡೆ ಒಂದೇ ಪ್ರಶ್ನೆ: "ಏರ್‌ಪೋರ್ಟ್ ಬಂದ್ರೆ ನಮ್ ತ್ವಾಟಕ್ಕೆ ಎಕರೆಗೆ ಎಷ್ಟಾಗುತ್ತಣ್ಣ?"

ಕೇಳೋದ್ರಲ್ಲಿ ತಪ್ಪೇನಿಲ್ಲ ಬಿಡಿ. ಆದರೆ ವಿಮಾನ ನಿಲ್ದಾಣ ಅಂದ ಕೂಡಲೇ ನಮ್ಮ ಕಣ್ಮುಂದೆ ಬರೋದು ಗಾಜಿನ ಕಟ್ಟಡ, ಟ್ರಾಲಿ, 250 ರೂಪಾಯಿ ಕಾಫಿ. ಪ್ರಪಂಚದ ಬಹುಪಾಲು ವಿಮಾನ ನಿಲ್ದಾಣಗಳು ಹಾಗಿಲ್ಲ. ಒಂದು ಪಟ್ಟಿ ನೆಲ, ಒಂದು ಶೆಡ್ಡು, ಗಾಳಿ ಯಾವ ಕಡೆಯಿಂದ ಬೀಸ್ತಿದೆ ಅಂತ ತೋರಿಸೋಕೆ ಕಂಬಕ್ಕೆ ಕಟ್ಟಿದ ಬಟ್ಟೆ ಚೀಲ. ಅಷ್ಟೇ. ಅಂಥ ಜಾಗಗಳನ್ನ ಉಳಿಸಿಕೊಂಡಿರೋದು ಮಂತ್ರಿಗಳೂ ಅಲ್ಲ, ಕಂಪನಿಗಳೂ ಅಲ್ಲ. ಅಲ್ಲಿಂದ ಹಾರೋ ಪೈಲಟ್‌ಗಳು. ಈ ಬರಹ ಅವರ ಬಗ್ಗೆ. ಅಂಥವರು ನಮ್ಮಲ್ಲಿ ಯಾಕೆ ಕಮ್ಮಿ ಅನ್ನೋದರ ಬಗ್ಗೆ ಕೂಡ.

ಮೊದಲು ಒಂದು ಅಡ್ಡಿಯ ವಿಷಯ ಹೇಳಿಬಿಡ್ತೀನಿ. ದೇವನಹಳ್ಳಿ ನಿಲ್ದಾಣಕ್ಕೆ 2004ರಲ್ಲಿ ಒಪ್ಪಂದ ಆದಾಗ ಅದರಲ್ಲಿ ಒಂದು ಷರತ್ತು ಸೇರಿತು. ಅಲ್ಲಿಂದ ಆಕಾಶಮಾರ್ಗದಲ್ಲಿ 150 ಕಿಲೋಮೀಟರ್ ಒಳಗೆ, ನಿಲ್ದಾಣ ತೆರೆದ 25 ವರ್ಷದವರೆಗೆ, ಇನ್ನೊಂದು ಅಂತರರಾಷ್ಟ್ರೀಯ ನಿಲ್ದಾಣ ಬೆಳೆಸುವಂತಿಲ್ಲ. ಮೈಸೂರು, ಹಾಸನಕ್ಕೆ ಮಾತ್ರ ವಿನಾಯಿತಿ. ನಿಲ್ದಾಣ ತೆರೆದದ್ದು 2008ರ ಮೇ ತಿಂಗಳಲ್ಲಿ, ಅಂದರೆ 2033ರವರೆಗೆ ಬೀಗ. ದಂಡಿನಶಿವರ ಅಲ್ಲಿಂದ ನೇರ ಗೆರೆ ಎಳೆದರೆ ನೂರು ಕಿಲೋಮೀಟರ್ ಆಸುಪಾಸು. ಹೊಸೂರಿನವರಿಗೆ ಇದರ ಬಿಸಿ ಈಗಾಗಲೇ ತಟ್ಟಿದೆ. ಅಲ್ಲಿ ಬೆಳಗೊಂಡಪಳ್ಳಿಯಲ್ಲಿ ಖಾಸಗಿ ಕಂಪನಿಯೊಂದರ ಒಳ್ಳೇ ರನ್‌ವೇ 1990ರ ದಶಕದಿಂದಲೇ ಇದೆ. ಆದರೂ ಟಿಕೆಟ್ ತಗೊಂಡು ಹತ್ತೋ ವಿಮಾನ ಬರಲಿಲ್ಲ.

ಇಲ್ಲೊಂದು ಸೂಕ್ಷ್ಮ ಇದೆ ಕಣ್ರೀ. ಆ ಷರತ್ತಿನ ಮಾತು ದೊಡ್ಡ ಅಂತರರಾಷ್ಟ್ರೀಯ ನಿಲ್ದಾಣದ್ದು. ನಾಲ್ಕು ಸೀಟಿನ ತರಬೇತಿ ವಿಮಾನ ಇಳಿಯೋ ಸಣ್ಣ ಪಟ್ಟಿಯದ್ದಲ್ಲ. ದೊಡ್ಡದಕ್ಕೆ ಕಾಯ್ತಾ ಕೂತವರು ಸಣ್ಣದರ ಬಗ್ಗೆ ಯೋಚನೆನೇ ಮಾಡಿಲ್ಲ.

ಕ್ರೀಡಾ ಇಲಾಖೆಯ ವಿಮಾನಗಳು

ಹೆಬ್ಬಾಳದಿಂದ ಏರ್‌ಪೋರ್ಟ್ ಕಡೆ ಕ್ಯಾಬಲ್ಲಿ ಹೋಗುವಾಗ ಬಲಗಡೆ ಜಕ್ಕೂರು ಸಿಗುತ್ತೆ. ಮೊಬೈಲಿಂದ ತಲೆ ಎತ್ತಿದ್ರೆ ಕಾಣುತ್ತೆ, ಇಲ್ಲಾಂದ್ರೆ ಇಲ್ಲ. ಇನ್ನೂರಕ್ಕೂ ಹೆಚ್ಚು ಎಕರೆ ಜಾಗ, ಸಣ್ಣ ರನ್‌ವೇ, ಸಾಲಾಗಿ ಹ್ಯಾಂಗರ್‌ಗಳು. ಸ್ವಾತಂತ್ರ್ಯ ಬಂದ ಹೊಸತರಲ್ಲಿ, ಮೈಸೂರು ಸಂಸ್ಥಾನದ ಕಾಲ ಮುಗೀತಿದ್ದ ಹೊತ್ತಲ್ಲಿ, ಇಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಹುಟ್ಟಿತು. ಆಗ ಜಕ್ಕೂರು ಅಂದ್ರೆ ಅಪ್ಪಟ ಹಳ್ಳಿ. ಸುತ್ತ ಹೊಲ, ಪಕ್ಕದಲ್ಲಿ ಕೆರೆ. ಬೆಂಗಳೂರು ಎಲ್ಲೋ ದೂರದಲ್ಲಿತ್ತು.

ಈ ಶಾಲೆ ಯಾವ ಇಲಾಖೆ ಕೈಕೆಳಗೆ ಬರುತ್ತೆ ಗೊತ್ತಾ? ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ. ಕಬಡ್ಡಿ, ಖೋಖೋ ನೋಡಿಕೊಳ್ಳೋ ಇಲಾಖೆಯೇ ವಿಮಾನವನ್ನೂ ನೋಡಿಕೊಳ್ಳಬೇಕು. ಕೇಳಿದರೆ ನಗು ಬರುತ್ತೆ, ಆದರೆ ಇದರಲ್ಲಿ ಒಂದು ಒಳ್ಳೇದೂ ಇತ್ತು. ಹಾರಾಟ ಅಂದ್ರೆ ಶ್ರೀಮಂತರ ವ್ಯಾಪಾರ ಅಲ್ಲ, ಊರಿನ ಹುಡುಗ ಹುಡುಗಿಯರು ಕಲಿಯೋ ವಿದ್ಯೆ ಅಂತ ಸರ್ಕಾರ ಯಾವುದೋ ಒಂದು ಕಾಲದಲ್ಲಿ ಅಂದುಕೊಂಡಿತ್ತು ಅನ್ನೋದಕ್ಕೆ ಇದೇ ಸಾಕ್ಷಿ. ಕೆಟ್ಟದ್ದು ಏನಪ್ಪಾ ಅಂದ್ರೆ, ವಿಮಾನಕ್ಕೆ ಬೋಧಕರು ಬೇಕು, ಎಂಜಿನಿಯರ್ ಬೇಕು, ಬಿಡಿಭಾಗ ಬೇಕು, ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಒಪ್ಪಿಗೆ ಬೇಕು. ಒಂದು ಕೊಂಡಿ ಕಳಚಿದ್ರೂ ವಿಮಾನ ಹ್ಯಾಂಗರಿನಲ್ಲೇ ಧೂಳು ತಿನ್ನುತ್ತೆ. ಜಕ್ಕೂರಿನ ಶಾಲೆ ಇಂಥ ಕೊಂಡಿ ಕಳಚಿದ ವರ್ಷಗಳನ್ನ ಬೇಕಾದಷ್ಟು ಕಂಡಿದೆ.

ಅದರ ಮೇಲೆ ಬಂತು ಮೇಲ್ಸೇತುವೆ. ದೇವನಹಳ್ಳಿಗೆ ಜನ ಬೇಗ ತಲುಪಲಿ ಅಂತ ಬಳ್ಳಾರಿ ರಸ್ತೆಯಲ್ಲಿ ಎತ್ತರದ ಎಕ್ಸ್‌ಪ್ರೆಸ್‌ವೇ ಕಟ್ಟಿದರು. ಅದು ಜಕ್ಕೂರಿನ ರನ್‌ವೇಯ ಒಂದು ತುದಿಯ ಹತ್ತಿರವೇ ಹಾದುಹೋಯಿತು. ರನ್‌ವೇಯ ಒಂದು ಇಂಚನ್ನೂ ಯಾರೂ ಅಗೆಯಲಿಲ್ಲ. ಆದರೂ ಬಳಸೋಕೆ ಸಿಗೋ ಉದ್ದ ಕಮ್ಮಿ ಆಯಿತು. ದೊಡ್ಡ ವಿಮಾನ ನಿಲ್ದಾಣದ ದಾರಿಗಾಗಿ ಸಣ್ಣ ವಿಮಾನ ನಿಲ್ದಾಣದ ದಾರಿ ಮೊಟಕಾಯಿತು.

ಅದು ಹೇಗೆ ಅಂತ ಕೇಳ್ತೀರಾ? ಲೆಕ್ಕ ಸುಲಭ. ನಮ್ಮ ತೆಂಗಿನ ತೋಟಕ್ಕೂ ಇದೇ ಲೆಕ್ಕ ಅನ್ವಯಿಸೋದರಿಂದ ಸ್ವಲ್ಪ ನಿಧಾನವಾಗಿ ಓದಿ.

ಒಂದು ತೆಂಗಿನ ಮರ, ಐನೂರು ಮೀಟರ್

ವಿಮಾನ ಇಳಿಯುವಾಗ ಲಿಫ್ಟ್ ಥರ ನೇರ ಕೆಳಗಿಳಿಯಲ್ಲ. ಜಾರುಬಂಡೆ ಥರ ಓರೆಯಾಗಿ ಬರುತ್ತೆ. ಆ ಓರೆಯ ಕೆಳಗೆ ಏನೂ ಅಡ್ಡ ಇರಬಾರದು. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಅತಿ ಸಣ್ಣ ರನ್‌ವೇಗೆ, ಅಂದರೆ 800 ಮೀಟರ್‌ಗಿಂತ ಕಮ್ಮಿ ಉದ್ದದ್ದಕ್ಕೆ, ಬರೀ ಕಣ್ಣಲ್ಲಿ ನೋಡಿಕೊಂಡು ಇಳಿಯೋದಾದರೆ, ಈ ಓರೆ 20ಕ್ಕೆ 1. ರನ್‌ವೇ ತುದಿಯಿಂದ 30 ಮೀಟರ್ ಬಿಟ್ಟು ಲೆಕ್ಕ ಶುರು. ಅಲ್ಲಿಂದ ಪ್ರತಿ 20 ಮೀಟರ್ ದೂರಕ್ಕೆ 1 ಮೀಟರ್ ಎತ್ತರದ ವಸ್ತು ಇರಬಹುದು, ಅದಕ್ಕಿಂತ ಹೆಚ್ಚಿರಬಾರದು.

ಈಗ ನಮ್ಮ ಮರ ತಗೊಳ್ಳಿ. ಅಜ್ಜನ ಕಾಲದ ತಿಪಟೂರು ಎತ್ತರದ ತಳಿ 20–25 ಮೀಟರ್ ಬೆಳೆಯುತ್ತೆ. 25 ಮೀಟರ್ ಮರ ಅಂದ್ರೆ 25ನ್ನ 20ರಿಂದ ಗುಣಿಸಿ, 500 ಮೀಟರ್. ಜೊತೆಗೆ ಆ 30. ರನ್‌ವೇ ತುದಿಯಿಂದ ಅರ್ಧ ಕಿಲೋಮೀಟರ್ ದೂರದವರೆಗೂ ನೇರಕ್ಕೆ ಅಂಥ ಮರ ಒಂದೂ ಇರುವಂತಿಲ್ಲ. ಎರಡೂ ತುದಿಗೂ ಇದೇ ಲೆಕ್ಕ. ರನ್‌ವೇ ಸ್ವಲ್ಪ ದೊಡ್ಡದಾದರೆ ಓರೆ ಇನ್ನೂ ಚಪ್ಪಟೆ ಆಗುತ್ತೆ, 25ಕ್ಕೆ 1. ಮರ ಇನ್ನೂ ದೂರ ಸರಿಯಬೇಕು.

ಜಕ್ಕೂರಿನಲ್ಲಿ ತೆಂಗಿನ ಮರದ ಜಾಗದಲ್ಲಿ ಸೇತುವೆ ಅಂತ ಇಟ್ಕೊಳ್ಳಿ. ಸೇತುವೆ ಎತ್ತರ, ಅದರ ಮೇಲೆ ಓಡೋ ಲಾರಿ ಎತ್ತರ ಸೇರಿಸಿ ಉದಾಹರಣೆಗೆ 15 ಮೀಟರ್ ಅಂದುಕೊಂಡರೆ, 300 ಮೀಟರ್ ದೂರ ಬೇಕು. ಅಷ್ಟು ದೂರ ಇಲ್ಲದಿದ್ದರೆ? ಸೇತುವೆ ಕೆಡವೋಕಂತೂ ಆಗಲ್ಲ. ಹಾಗಾಗಿ ವಿಮಾನ ನೆಲ ಮುಟ್ಟೋ ಜಾಗವನ್ನೇ ಒಳಕ್ಕೆ ಸರಿಸಬೇಕು. ಟಾರು ಇರುತ್ತೆ, ಇಳಿಯೋಕೆ ಮಾತ್ರ ಸಿಗಲ್ಲ. ಸಾವಿರ ಮೀಟರ್ ಕೂಡ ಇಲ್ಲದ ರನ್‌ವೇಗೆ ಇದು ದೊಡ್ಡ ಪೆಟ್ಟು.

ಎತ್ತರದ ಊರಲ್ಲಿ ಇನ್ನೊಂದು ಕಷ್ಟ ಇದೆ. ಜಕ್ಕೂರು ಸಮುದ್ರ ಮಟ್ಟದಿಂದ 900 ಮೀಟರ್ ಮೇಲಿದೆ, ತಿಪಟೂರು ಸೀಮೆ 850ರ ಹತ್ತಿರ. ಮೇಲಕ್ಕೆ ಹೋದಂತೆ ಗಾಳಿ ತೆಳ್ಳಗಾಗುತ್ತೆ, ರೆಕ್ಕೆಗೆ ಹಿಡಿತ ಕಮ್ಮಿ, ಎಂಜಿನ್ನಿಗೆ ಉಸಿರು ಕಮ್ಮಿ. ಪ್ರತಿ 300 ಮೀಟರ್ ಎತ್ತರಕ್ಕೆ ರನ್‌ವೇ ಉದ್ದ ಶೇ 7ರಷ್ಟು ಹೆಚ್ಚಿರಬೇಕು ಅನ್ನೋದು ರೂಢಿಯಲ್ಲಿರುವ ಲೆಕ್ಕ. ಮಂಗಳೂರಿನ ಕಡಲ ದಡದಲ್ಲಿ 500 ಮೀಟರ್ ಸಾಕಾಗೋ ವಿಮಾನಕ್ಕೆ ನಮ್ಮ ಕಡೆ 600 ಬೇಕು. ಏಪ್ರಿಲ್ ಮಧ್ಯಾಹ್ನದ ಬಿಸಿಲಿಗೆ ಇನ್ನೂ ಜಾಸ್ತಿ.

ಅಂದರೆ ದಂಡಿನಶಿವರದಂಥ ಕಡೆ ಸಣ್ಣ ಪಟ್ಟಿ ಮಾಡಿದರೂ ಟಾರು ಹಾಕೋ ಜಾಗ ಸ್ವಲ್ಪ, ಮರ ಕಡಿಯೋ ಜಾಗ ಬಹಳ. ಇದನ್ನ ಯಾಕೆ ಹೇಳ್ತಿದ್ದೀನಿ ಅಂದ್ರೆ, ಏರ್‌ಪೋರ್ಟ್ ಬಂದರೆ ಪಕ್ಕದ ತೋಟಕ್ಕೆ ರೇಟು ಬರುತ್ತೆ ಅಂತ ಲೆಕ್ಕ ಹಾಕೋರು ಈ ಗುಣಾಕಾರ ಹಾಕಿರಲ್ಲ. ಪಕ್ಕದ ತೋಟ ಅಂದ್ರೆ ಮರ ಇರಬಾರದ ತೋಟ. ಮನೆ ಕಟ್ಟಬೇಕಾದರೂ ಎತ್ತರಕ್ಕೆ ಅನುಮತಿ ಕೇಳಬೇಕಾದ ತೋಟ. ತೆಂಗು ನೆಟ್ಟು ಫಸಲಿಗೆ ಏಳೆಂಟು ವರ್ಷ ಕಾದು, ಆಮೇಲೆ ಕಾಯಿನ ಹತ್ತು ತಿಂಗಳು ಅಟ್ಟದ ಮೇಲಿಟ್ಟು ಕೊಬ್ಬರಿ ಮಾಡೋ ಜನ ನಾವು. ಕಡಿಯೋದು ಒಂದೇ ಬೆಳಗಿನ ಕೆಲಸ.

ಜಾವಗಲ್ಲಿನ ತೋಟದಿಂದ ಹುಬ್ಬಳ್ಳಿ ರನ್‌ವೇವರೆಗೆ

ಜಕ್ಕೂರಿನ ಹೆಸರು ಹೇಳಿ ಕ್ಯಾಪ್ಟನ್ ಗೋಪಿನಾಥ್ ಹೆಸರು ಬಿಟ್ಟರೆ ಅಪೂರ್ಣ. ಸಿನಿಮಾ ನೋಡಿರ್ತೀರಿ, 2020ರ 'ಸೂರರೈ ಪೋಟ್ರು'. ಅವರ ಆತ್ಮಕಥೆ ಕನ್ನಡದಲ್ಲಿ 'ಬಾನಯಾನ' ಅಂತ ಬಂದಿದೆ. ಸಿನಿಮಾದಲ್ಲಿ ಇಲ್ಲದ, ನಮ್ಮ ಸೀಮೆಯವರಿಗೆ ಹತ್ತಿರವಾದ ಭಾಗ ಬೇರೆ ಇದೆ.

ಅವರು ಹಾಸನ ಜಿಲ್ಲೆಯ ಗೊರೂರಿನವರು. ಸೈನ್ಯದಲ್ಲಿದ್ದು, 1971ರ ಯುದ್ಧ ನೋಡಿ, ಇನ್ನೂ ಇಪ್ಪತ್ತರ ಹರೆಯದಲ್ಲೇ ಕೆಲಸ ಬಿಟ್ಟು ಬಂದರು. ಹೇಮಾವತಿ ಅಣೆಕಟ್ಟಿನಲ್ಲಿ ಮನೆತನದ ಜಮೀನು ಮುಳುಗಿತ್ತು. ಬದಲಿಗೆ ಸಿಕ್ಕಿದ್ದು ಜಾವಗಲ್ ಹತ್ತಿರದ ಬರಡು ನೆಲ. ಅಲ್ಲಿ ಡೇರೆ ಹಾಕಿಕೊಂಡು ತೆಂಗು ನೆಟ್ಟರು, ರೇಷ್ಮೆ ಮಾಡಿದರು. ಸಹಜ ಕೃಷಿಯ ಆ ಪ್ರಯೋಗಕ್ಕೆ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಬಂತು. ಜಾವಗಲ್ ಅಂದ್ರೆ ಅರಸೀಕೆರೆ ತಾಲ್ಲೂಕು, ತಿಪಟೂರಿನ ಪಕ್ಕದ ಮನೆ. ಅವರ ಊರಿನ ಹೊಲ ಮುಳುಗಿಸಿದ ಅದೇ ಹೇಮಾವತಿಯ ನೀರು ಇವತ್ತು ನಾಲೆಯಲ್ಲಿ ತುರುವೇಕೆರೆ, ಗುಬ್ಬಿ ಕಡೆಗೆ ಬರುತ್ತೆ.

ಗೋಪಿನಾಥ್ ಸ್ವತಃ ಪೈಲಟ್ ಅಲ್ಲ. ವಿಮಾನ ಹಾರಿಸೋರು ಅವರ ಜೊತೆಗಾರರು, ಸೈನ್ಯದಲ್ಲಿ ಹೆಲಿಕಾಪ್ಟರ್ ಹಾರಿಸಿ ಬಂದ ಕ್ಯಾಪ್ಟನ್ ಕೆ.ಜೆ. ಸ್ಯಾಮುಯೆಲ್, ಕ್ಯಾಪ್ಟನ್ ಜಯಂತ್ ಪೂವಯ್ಯ. ಇವರೆಲ್ಲ ಸೇರಿ 1997ರಲ್ಲಿ ಡೆಕ್ಕನ್ ಏವಿಯೇಷನ್ ಶುರು ಮಾಡಿದರು. ನೆಲೆ ಇದೇ ಜಕ್ಕೂರು. ಚುನಾವಣೆ ಪ್ರಚಾರ, ಸಮೀಕ್ಷೆ, ರೋಗಿಗಳನ್ನ ಸಾಗಿಸೋದು, ಸಿಕ್ಕ ಕೆಲಸವೆಲ್ಲ ಹೆಲಿಕಾಪ್ಟರ್‌ದ್ದೇ. ಹಳ್ಳಿ ಶಾಲೆ ಮೈದಾನಕ್ಕೆ ನೀರು ಚಿಮುಕಿಸಿ, ಸುಣ್ಣದ ಪುಡಿಯಲ್ಲಿ ದೊಡ್ಡದಾಗಿ 'ಎಚ್' ಬರೆದು, ಮೂಲೆಯಲ್ಲಿ ಹಸಿ ಸೊಪ್ಪು ಸುಟ್ಟು ಹೊಗೆ ಎಬ್ಬಿಸೋದನ್ನ ಎಲೆಕ್ಷನ್ ಕಾಲದಲ್ಲಿ ನೀವೂ ನೋಡಿರಬಹುದು. ನೀರು ಧೂಳು ಏಳದಿರಲಿ ಅಂತ, ಹೊಗೆ ಪೈಲಟ್‌ಗೆ ಗಾಳಿ ದಿಕ್ಕು ಕಾಣಲಿ ಅಂತ. ಹಳ್ಳಿಯೊಂದರಲ್ಲಿ ಅರ್ಧ ದಿನದ ಮಟ್ಟಿಗೆ ವಿಮಾನ ನಿಲ್ದಾಣ ಮಾಡೋದು ಅಂದ್ರೆ ಇದೇ.

ಅಮೆರಿಕದ ಫೀನಿಕ್ಸ್ ಊರಿಗೆ ಹೋದಾಗ, ಮರುಭೂಮಿ ನಡುವಿನ ಆ ಒಂದೇ ನಿಲ್ದಾಣದಲ್ಲಿ ಇಡೀ ಭಾರತದ ನಿಲ್ದಾಣಗಳೆಲ್ಲ ಸೇರಿದರೂ ಆಗದಷ್ಟು ವಿಮಾನ ಏರಿಳಿಯೋದನ್ನ ಕಂಡು ಏರ್‌ಲೈನ್ ಯೋಚನೆ ಬಂತು ಅಂತ ಗೋಪಿನಾಥ್ ಹೇಳ್ತಾರೆ. 2003ರ ಆಗಸ್ಟ್‌ನಲ್ಲಿ ಏರ್ ಡೆಕ್ಕನ್ ಹಾರಿತು. ಮೊದಲ ಮಾರ್ಗ ಯಾವುದು? ದೆಹಲಿ–ಮುಂಬೈ ಅಲ್ಲ, ಬೆಂಗಳೂರು–ಹುಬ್ಬಳ್ಳಿ. 48 ಸೀಟಿನ ಎಟಿಆರ್ ವಿಮಾನ. ಹುಬ್ಬಳ್ಳಿಯಲ್ಲಿ ರನ್‌ವೇ 1970ರ ದಶಕದಿಂದ ಇತ್ತು, ವಾಯುದೂತ್ ಬಂದು ಹೋಗಿತ್ತು, ಆಮೇಲೆ ಸುಮ್ಮನೆ ಬಿದ್ದಿತ್ತು. ಬಳ್ಳಾರಿ ಕಡೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯವರ ವಿದ್ಯಾನಗರ ರನ್‌ವೇಗೂ ಡೆಕ್ಕನ್ ಹಾರಿತು.

ಡೆಕ್ಕನ್ ತಂಡದಲ್ಲಿ ನನಗೆ ಮೆಚ್ಚುಗೆಯಾಗೋದು ಒಂದು ರೂಪಾಯಿ ಟಿಕೆಟ್ ಅಲ್ಲ. ಆ ಟಿಕೆಟ್ ಲೆಕ್ಕ ಕೊನೆಗೆ ಅವರನ್ನೇ ತಿಂದಿತು. 2007ರಲ್ಲಿ ಕಂಪನಿ ಮಲ್ಯ ಅವರ ಯುಬಿ ಗ್ರೂಪ್ ಕೈಸೇರಿತು, 2012ರಲ್ಲಿ ಕಿಂಗ್‌ಫಿಶರ್ ಕೂಡ ನೆಲಕ್ಕೆ ಕೂತಿತು. ಮೆಚ್ಚುಗೆಯಾಗೋದು, ಇದ್ದ ರನ್‌ವೇಗಳ ಕಡೆ ನೋಡಿದ ಆ ಕಣ್ಣು. ಹೊಸ ನಿಲ್ದಾಣ ಕಟ್ಟಿಕೊಡಿ ಅಂತ ಕಾಯಲಿಲ್ಲ. ಯಾರೂ ಬಳಸದೆ ಬಿಟ್ಟಿದ್ದನ್ನ ಬಳಕೆಗೆ ತಂದರು. ಅಂಥದ್ದನ್ನ ನೋಡೋಕೆ ಸಣ್ಣ ಪಟ್ಟಿಗಳಲ್ಲಿ ಇಳಿದು ಅಭ್ಯಾಸ ಇರೋ ಪೈಲಟ್‌ಗಳೇ ಬೇಕು. ಫೈಲು ನೋಡೋರಿಗೆ 'ನಿರುಪಯುಕ್ತ' ಅಂತ ಕಂಡ ಜಾಗ ಅವರಿಗೆ 'ಪೊದೆ ಕಡಿದರೆ ಸಾಕು' ಅಂತ ಕಂಡಿತು.

ರಿಬ್ಬನ್ ಕತ್ತರಿಸಿದ ಮೇಲೆ

ಮೈಸೂರಿನ ಮಂಡಕಳ್ಳಿ ನಿಲ್ದಾಣದ ಜಾತಕ ನೋಡಿ. 1940ರ ದಶಕದಲ್ಲಿ ಸಂಸ್ಥಾನ ಕಟ್ಟಿಸಿದ್ದು. 80ರ ದಶಕದಲ್ಲಿ ವಾಯುದೂತ್ ಬಂತು, ನಿಂತಿತು. 2010ರಲ್ಲಿ ಹೊಸ ಟರ್ಮಿನಲ್, ಕಿಂಗ್‌ಫಿಶರ್ ಬಂತು, ಒಂದು ವರ್ಷಕ್ಕೆ ನಿಂತಿತು. ಸ್ಪೈಸ್‌ಜೆಟ್ ಬಂತು, ನಿಂತಿತು. 2017ರಲ್ಲಿ ಉಡಾನ್ ಯೋಜನೆಯಲ್ಲಿ ಟ್ರೂಜೆಟ್ ಬಂತು, 2022ರಲ್ಲಿ ಆ ಕಂಪನಿಯೇ ನಿಂತಿತು. ಹೊಸ ವಿಮಾನ ಬಂದಾಗಲೆಲ್ಲ ಹೂವಿನ ಹಾರ, ಫೋಟೋ.

ಇದು ಮೈಸೂರಿನ ಹಣೆಬರಹ ಮಾತ್ರ ಅಲ್ಲ. ಉಡಾನ್ ಬಗ್ಗೆ 2023ರಲ್ಲಿ ಬಂದ ಮಹಾಲೇಖಪಾಲರ ವರದಿ ಓದಿದರೆ ಗೊತ್ತಾಗುತ್ತೆ. ಮಂಜೂರಾದ 774 ಮಾರ್ಗಗಳಲ್ಲಿ 403 ಶುರುವೇ ಆಗಲಿಲ್ಲ. ಶುರುವಾದ 371ರಲ್ಲಿ ಮೂರು ವರ್ಷದ ಸಹಾಯಧನದ ಅವಧಿ ಪೂರೈಸಿದ್ದು 112. ಸಹಾಯಧನ ನಿಂತ ಮೇಲೂ ಹಾರ್ತಾ ಉಳಿದದ್ದು 54. ನಿಲ್ದಾಣ ಕಟ್ಟೋದಕ್ಕೂ ನಿಲ್ದಾಣ ಬದುಕೋದಕ್ಕೂ ನಡುವೆ ಎಷ್ಟು ದೂರ ಇದೆ ಅಂತ ಈ ಲೆಕ್ಕ ಹೇಳುತ್ತೆ. 2014ರಲ್ಲಿ 74 ಇದ್ದ ದೇಶದ ವಿಮಾನ ನಿಲ್ದಾಣಗಳು 2024ಕ್ಕೆ 157 ಆದವು. ಸಂತೋಷ. ಅದರಲ್ಲಿ ದಿನಾ ಜೀವ ಇರೋವು ಎಷ್ಟು ಅನ್ನೋದು ಬೇರೆ ಪ್ರಶ್ನೆ.

ಪ್ರಯಾಣಿಕರ ವಿಮಾನ ದಿನಕ್ಕೆ ಒಂದೋ ಎರಡೋ ಬರುತ್ತೆ. ಬರದ ದಿನ ನಿಲ್ದಾಣ ಬಿಕೋ. ಆದರೆ ತರಬೇತಿ ಶಾಲೆ ಇದ್ದರೆ ಬೆಳಗ್ಗೆ ಆರಕ್ಕೇ ಎಂಜಿನ್ ಸದ್ದು. ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗೆ 200 ಗಂಟೆ ಹಾರಾಟ ಬೇಕು. ಒಬ್ಬ ವಿದ್ಯಾರ್ಥಿ ದಿನಕ್ಕೆ ಒಂದೆರಡು ಗಂಟೆ ಹಾರಿದರೂ ತಿಂಗಳುಗಟ್ಟಲೆ ಕೆಲಸ. ಇದನ್ನ ಅರ್ಥ ಮಾಡಿಕೊಂಡೇ 2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರ ದೇಶದ ಐದು ಕಡೆ ತರಬೇತಿ ಶಾಲೆಗಳಿಗೆ ಜಾಗ ಕೊಟ್ಟಿತು. ಐದರಲ್ಲಿ ಎರಡು ನಮ್ಮವು: ಬೆಳಗಾವಿ, ಕಲಬುರಗಿ. ವಿದ್ಯಾರ್ಥಿಗಳು ಬಾಡಿಗೆ ಮನೆ ಹುಡುಕ್ತಾರೆ, ಮೆಸ್ಸಲ್ಲಿ ಉಣ್ತಾರೆ, ಮೆಕ್ಯಾನಿಕ್ ಬರ್ತಾನೆ, ಇಂಧನದ ಟ್ಯಾಂಕರ್ ಬರುತ್ತೆ. ನಿಲ್ದಾಣಕ್ಕೆ ಒಂದು ಊರು ಅಂಟಿಕೊಳ್ಳುತ್ತೆ.

ಇಂಧನ ಅಂದೆ. ಸಣ್ಣ ವಿಮಾನಗಳಿಗೆ ಬೇಕಾದ ಏವ್‌ಗ್ಯಾಸ್ ಅನ್ನೋ ವಿಶೇಷ ಪೆಟ್ರೋಲ್‌ಗೆ ನಾವು ಮೊನ್ನೆ ಮೊನ್ನೆವರೆಗೂ ಪೂರ್ತಿ ಹೊರದೇಶವನ್ನೇ ನೆಚ್ಚಿಕೊಂಡಿದ್ವಿ. ಇಂಡಿಯನ್ ಆಯಿಲ್ ದೇಶದೊಳಗೆ ತಯಾರಿಸಿ ಬಿಡುಗಡೆ ಮಾಡಿದ್ದು 2022ರಲ್ಲಿ. ಹಾರಾಟದ ಹವ್ಯಾಸ ನಮ್ಮಲ್ಲಿ ಯಾಕೆ ಬೆಳೆಯಲಿಲ್ಲ ಅಂದ್ರೆ ಇಂಥ ಸಣ್ಣಪುಟ್ಟ ಕಾರಣಗಳೂ ಇವೆ.

ದೋಸೆ ಹುಯ್ದು ರನ್‌ವೇ ರಿಪೇರಿ

ಈಗ ಶೀರ್ಷಿಕೆಯ ಹುಲ್ಲಿನ ವಿಷಯಕ್ಕೆ ಬರ್ತೀನಿ. ಅಮೆರಿಕದಲ್ಲಿ ಸಾರ್ವಜನಿಕರು ಬಳಸಬಹುದಾದ ವಿಮಾನ ನಿಲ್ದಾಣಗಳು ಸುಮಾರು 5,000. ಏರ್‌ಲೈನ್ ವಿಮಾನ ಬರೋದು ಅದರ ಹತ್ತನೇ ಒಂದು ಭಾಗಕ್ಕೆ. ಉಳಿದವು ನಮ್ಮ ಹೋಬಳಿಯಷ್ಟೇ ದೊಡ್ಡ ಊರುಗಳವು. ಬಹಳಷ್ಟು ಕಡೆ ಕಂಟ್ರೋಲ್ ಟವರ್ ಇಲ್ಲ. ಪೈಲಟ್‌ಗಳು ಒಂದು ಗೊತ್ತಾದ ರೇಡಿಯೋ ತರಂಗದಲ್ಲಿ "ನಾನು ಇಲ್ಲಿದ್ದೀನಿ, ಇಳೀತಿದ್ದೀನಿ" ಅಂತ ತಾವೇ ಹೇಳಿಕೊಂಡು ಇಳೀತಾರೆ. ರಾತ್ರಿ ದೀಪಗಳು ಆರಿರುತ್ತವೆ. ಪೈಲಟ್ ಮೇಲಿಂದಲೇ ಮೈಕಿನ ಗುಂಡಿಯನ್ನ ಮೂರು, ಐದು ಅಥವಾ ಏಳು ಸಲ ಒತ್ತಿದರೆ ರನ್‌ವೇ ದೀಪ ಮಂದವಾಗಿ, ಮಧ್ಯಮವಾಗಿ, ಜೋರಾಗಿ ಹತ್ತಿಕೊಳ್ಳುತ್ತೆ. ಸ್ವಲ್ಪ ಹೊತ್ತಿಗೆ ತಾನೇ ಆರುತ್ತೆ. ವಾಚ್‌ಮನ್ ಬೇಡ, ಕರೆಂಟ್ ಬಿಲ್ ಕಮ್ಮಿ.

ಅಲ್ಲಿನ ಪೈಲಟ್‌ಗಳಿಗೆ ಒಂದು ಪದ್ಧತಿ ಇದೆ. ರಜಾ ದಿನ ಬೆಳಗ್ಗೆ ಹ್ಯಾಂಗರಿನಲ್ಲಿ ಒಲೆ ಹಚ್ಚಿ ಪ್ಯಾನ್‌ಕೇಕ್ ಹುಯ್ಯೋದು. ನಮ್ಮ ಸಿಹಿ ದೋಸೆಯ ದಾಯಾದಿ ಅನ್ನಿ. ಅಕ್ಕಪಕ್ಕದ ಊರಿನ ಪೈಲಟ್‌ಗಳು ಹಾರಿ ಬರ್ತಾರೆ, ಊರ ಜನ ಮಕ್ಕಳನ್ನ ಕರಕೊಂಡು ಬರ್ತಾರೆ. ತಿಂಡಿಗೆ ಕೊಟ್ಟ ದುಡ್ಡು ನಿಲ್ದಾಣದ ಖರ್ಚಿಗೆ. ಗಾಳಿಚೀಲ ಹರಿದಿದೆಯಾ, ಹೊಸದು. ಅಂಚಿನ ಬಣ್ಣ ಅಳಿಸಿದೆಯಾ, ಬ್ರಶ್ ಹಿಡಿದು ತಾವೇ ಬಳೀತಾರೆ. ಹುಲ್ಲಿನ ರನ್‌ವೇ ಆದರೆ ಪಾಳಿ ಹಾಕಿಕೊಂಡು ಕೊಯ್ತಾರೆ. ಹುಲ್ಲು ಕೊಯ್ಯೋದು ಚಂದಕ್ಕಲ್ಲ. ಎತ್ತರದ ಹುಲ್ಲು ಚಕ್ರ ಹಿಡಿಯುತ್ತೆ, ಗುಂಡಿ ಮುಚ್ಚಿಡುತ್ತೆ, ಇಲಿ ಹಕ್ಕಿಗಳನ್ನ ಕರೆಯುತ್ತೆ. ಇಂಗ್ಲೆಂಡಿನ ಹೊಲದ ರನ್‌ವೇಗಳಲ್ಲಿ ಇನ್ನೂ ಸರಳ. ಕಂಬಕ್ಕೆ ಒಂದು ಡಬ್ಬಿ ಕಟ್ಟಿರ್ತಾರೆ, ಇಳಿದವರು ಶುಲ್ಕ ಹಾಕಿ ಹೋಗಬೇಕು. ನೋಡೋರು ಯಾರೂ ಇರಲ್ಲ.

2003ರಲ್ಲಿ, ನಮ್ಮ ಏರ್ ಡೆಕ್ಕನ್ ಹಾರಿದ ವರ್ಷವೇ, ಮೊಂಟಾನಾ ರಾಜ್ಯದ ಕೆಲವು ಪೈಲಟ್‌ಗಳು ಸೇರಿ ರಿಕ್ರಿಯೇಷನಲ್ ಏವಿಯೇಷನ್ ಫೌಂಡೇಷನ್ ಅಂತ ಕಟ್ಟಿದರು. ಕಾಡು ಗುಡ್ಡಗಳ ನಡುವಿನ ಸಣ್ಣ ಪಟ್ಟಿಗಳು ಒಂದೊಂದಾಗಿ ಮುಚ್ಚದಂತೆ ಕಾಪಾಡೋದು ಕೆಲಸ. ಸದಸ್ಯರು ಬಿಡುವಿನ ದಿನ ಸಲಿಕೆ, ಗರಗಸ ಹಿಡಿದು ಹೋಗ್ತಾರೆ. ಕೆಲಸ ಮುಗಿದ ಮೇಲೆ ಸರ್ಕಾರಿ ಇಲಾಖೆ ಮುಂದೆ ಕೂತು ವಾದ ಮಾಡೋರೂ ಅವರೇ. ಇನ್ನೊಂದು ಪೈಲಟ್‌ಗಳ ಸಂಘ 1992ರಿಂದ 'ಯಂಗ್ ಈಗಲ್ಸ್' ಹೆಸರಲ್ಲಿ ಮಕ್ಕಳನ್ನ ಪುಕ್ಕಟೆ ಹಾರಿಸುತ್ತೆ. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮಕ್ಕಳು ಹಾಗೆ ಮೇಲೆ ಹೋಗಿ ತಮ್ಮ ಊರನ್ನ ಕೆಳಗೆ ನೋಡಿದ್ದಾರೆ. ಮಗು ಹಾರಿ ಬಂದ ಮೇಲೆ "ಸದ್ದು ಜಾಸ್ತಿ, ನಿಲ್ದಾಣ ಮುಚ್ಚಿ" ಅಂತ ಅರ್ಜಿ ಕೊಡೋಕೆ ಅಪ್ಪನಿಗೂ ಮನಸ್ಸು ಬರಲ್ಲ.

ಇದನ್ನೆಲ್ಲ ಓದಿ "ಅದು ಅಮೆರಿಕ ಸ್ವಾಮಿ" ಅನ್ನಬೇಡಿ. ಕೆರೆ ಹೂಳು ತೆಗೆಯೋಕೆ, ತೂಬು ಕಾಯೋಕೆ ನೀರುಗಂಟಿ ಇಟ್ಟುಕೊಂಡಿದ್ದ ಸೀಮೆ ನಮ್ಮದು. ಯಾರು ಬಳಸ್ತಾರೋ ಅವರೇ ನೋಡಿಕೊಳ್ಳಬೇಕು ಅನ್ನೋದನ್ನ ನಮಗೆ ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ. ಹಾಗಂತ ಇಲ್ಲಿ ಪೈಲಟ್ ಒಬ್ಬ ಕುಡುಗೋಲು ಹಿಡಿದು ರನ್‌ವೇಗೆ ಇಳಿಯೋಕೆ ಆಗಲ್ಲ. ಭದ್ರತೆಯ ನಿಯಮ, ಪಾಸು, ಗೇಟು. ಪೈಲಟ್ ಆಗೋಕೇ ಅರ್ಧ ಕೋಟಿ ಬೇಕು, ಕಲಿತವರು ಇಂಡಿಗೋನೋ ಏರ್ ಇಂಡಿಯಾನೋ ಸೇರಿ ದೊಡ್ಡ ಊರಿಗೆ ಹೋಗ್ತಾರೆ. ಊರಿನ ಪಟ್ಟಿಗೆ 'ನಮ್ಮದು' ಅನ್ನೋ ಪೈಲಟ್ ಉಳಿಯೋದೇ ಇಲ್ಲ. ನನ್ನ ಪ್ರಕಾರ ನಮ್ಮ ಸಣ್ಣ ನಿಲ್ದಾಣಗಳ ನಿಜವಾದ ಕೊರತೆ ಟರ್ಮಿನಲ್ ಅಲ್ಲ, ಇದು.

ಹಾಸನದ ಹಾದಿ, ಗುಬ್ಬಿಯ ಸದ್ದು

ಹಾಗಾದ್ರೆ ತೆಂಗಿನ ಸೀಮೆಗೆ ಹತ್ತಿರ ಏನಿದೆ? ಪಶ್ಚಿಮಕ್ಕೆ ಹಾಸನ. ಬೂವನಹಳ್ಳಿ ವಿಮಾನ ನಿಲ್ದಾಣಕ್ಕೆ ದೇವೇಗೌಡರು ಪ್ರಧಾನಿ ಆಗಿದ್ದಾಗ, 1996ರಲ್ಲಿ, ಅಡಿಗಲ್ಲು ಬಿತ್ತು. ಕೆಲಸ ಮತ್ತೆ ಚಾಲೂ ಆಗಿದ್ದು 2021ರಲ್ಲಿ, ಯಡಿಯೂರಪ್ಪ ಮುಖ್ಯಮಂತ್ರಿ ಆಗಿದ್ದಾಗ. ನಡುವೆ ಕಾಲು ಶತಮಾನ. 1996ರಲ್ಲಿ ಹುಟ್ಟಿದ ಮಗು ಓದಿ, ಪೈಲಟ್ ಆಗಿ, ಮದುವೆಯೂ ಆಗಿರಬಹುದು.

ಪೂರ್ವಕ್ಕೆ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್. ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 615 ಎಕರೆಯಲ್ಲಿದೆ. 2016ರ ಜನವರಿಯಲ್ಲಿ ಶಂಕುಸ್ಥಾಪನೆ, 2023ರ ಫೆಬ್ರವರಿ 6ರಂದು ಉದ್ಘಾಟನೆ. ಮೊದಲಿಗೆ ವರ್ಷಕ್ಕೆ 30 ಹೆಲಿಕಾಪ್ಟರ್, ಮುಂದೆ 60, 90 ಅಂತ ಯೋಜನೆ. ಒಳಗೆ ಹೆಲಿ-ರನ್‌ವೇ ಇದೆ, ಹ್ಯಾಂಗರ್ ಇದೆ, ಏರ್ ಟ್ರಾಫಿಕ್ ಕಂಟ್ರೋಲ್ ಇದೆ. ರಕ್ಷಣಾ ಕಾರ್ಖಾನೆ ಆದ್ದರಿಂದ ನಾವು ನೀವು ಒಳಗೆ ಹೋಗಿ ಫೋಟೋ ತೆಗೆಯೋ ಹಾಗಿಲ್ಲ. ಆದರೂ ಯೋಚನೆ ಮಾಡಿ, ಪಕ್ಕದ ತಾಲ್ಲೂಕಿನಲ್ಲೇ ಹೆಲಿಕಾಪ್ಟರ್ ಜೋಡಿಸ್ತಾರೆ. ದಂಡಿನಶಿವರದ ಮಗುವೊಂದು ಹೈಸ್ಕೂಲ್ ಮುಗಿಸಿ, ಗಣಿತ ಭೌತಶಾಸ್ತ್ರ ತಗೊಂಡು, ಪೈಲಟೋ ವಿಮಾನದ ಮೆಕ್ಯಾನಿಕ್ಕೋ ಆಗ್ತೀನಿ ಅಂದ್ರೆ ದಾರಿ ತೋರಿಸೋರು ಊರಲ್ಲಿ ಯಾರೂ ಇಲ್ಲ. ಎಂಜಿನಿಯರಿಂಗ್‌ಗೆ ಕಾಮೆಡ್-ಕೆ ಕೋಚಿಂಗ್ ಸಿಗುತ್ತೆ, ಇದಕ್ಕೆ ಸಿಗಲ್ಲ.

ಸಂಸದರು, ಶಾಸಕರು ಸಭೆಯಲ್ಲಿ ಏರ್‌ಪೋರ್ಟ್ ಮಾತೆತ್ತಿದಾಗ ಎಕರೆಗೆ ಎಷ್ಟು ಅಂತ ಕೇಳೋ ಜೊತೆಗೆ ಇನ್ನೆರಡು ಪ್ರಶ್ನೆ ಸೇರಿಸಿ ನೋಡಿ. ತರಬೇತಿ ಶಾಲೆಗೆ ಜಾಗ ಇಟ್ಟಿದ್ದೀರಾ? ಸುತ್ತಲಿನ ಯಾವ ಯಾವ ಸರ್ವೆ ನಂಬರಿನಲ್ಲಿ ಮರದ ಎತ್ತರಕ್ಕೆ ಮಿತಿ ಬರುತ್ತೆ, ಆ ತೋಟದವರಿಗೆ ಏನು ಕೊಡ್ತೀರಿ? ಜಮೀನು ಕಳಕೊಂಡವರಿಗೆ ಪರಿಹಾರ ಅಂತಾದರೂ ಸಿಗುತ್ತೆ. ಜಮೀನು ಉಳಿದು ಮರ ಕಳಕೊಳ್ಳೋರ ಪಾಡನ್ನ ಯಾರೂ ಎತ್ತಲ್ಲ.

ಇನ್ನು, ಏರ್‌ಪೋರ್ಟಿಗೆ ಹೋಗೋ ಆತುರ ಇಲ್ಲದ ಒಂದು ಭಾನುವಾರ ಜಕ್ಕೂರಿನ ಬೇಲಿ ಪಕ್ಕ ಹತ್ತು ನಿಮಿಷ ಗಾಡಿ ನಿಲ್ಲಿಸಿ. ಗಾಳಿ ಇದ್ದರೆ ಚೀಲ ಉಬ್ಬಿರುತ್ತೆ. ಮೈಕ್ರೋಲೈಟ್ ಅನ್ನೋ ಪುಟಾಣಿ ವಿಮಾನ ಏನಾದ್ರೂ ಏರಿದರೆ, ಮೇಲ್ಸೇತುವೆ ಕಡೆಗೆ ಎಷ್ಟು ಜಾಗ ಬಿಟ್ಟು ಏರುತ್ತೆ ಅಂತ ಗಮನಿಸಿ. 20ಕ್ಕೆ 1ರ ಲೆಕ್ಕ ಪೇಪರಿಲ್ಲದೆ ತಿಳಿಯುತ್ತೆ.